ಚಂಚ್ಯಾಗಿನ ಗುಳಿಗಿ

ನೀಲವ್ವ, ನಿನ್ನ ಗಂಡ ಬಸುನ ಬಿಪಿ ನಿನ್ನ ಕೈ ಉಪ್ಪಿಲೆ ಬಂದದ್ದಲ್ಲ. ನನ್ನ ರಕ್ತದಾಗಿಂದ ಬಂದದ್ದು. ನನಗೂ ಬಿಪಿ ಐತಿ. ನಮ್ಮವ್ವಗೂ ಇತ್ತು. ಇದು ನನಗ ಮದಲ ಗೊತ್ತಿತ್ತು — ದವಾಖಾನ್ಯಾಗ ಡಾಕ್ಟರು ಕೇಳಿದಾಗ ಗೊತ್ತಿತ್ತು, ನೀ ಉಪ್ಪಿನ ಭರಣಿ ಮುಂದ ಕುಂತು ಅತ್ತಾಗೂ ಗೊತ್ತಿತ್ತು. ಗೊತ್ತಿದ್ದೂ ನಾ ಸುಮ್ನ ಅಡಕಿ ಅಗಕೋಂತ ಕುಂತೆ.

ಆತು. ಬರದೆ. ಇನ್ನ ಅಳಸಾಕ ಬರಂಗಿಲ್ಲ — ನಿನ್ನ ಮಗಳು ಪೂಜಾ ನನಗ ಫೋನಿನಾಗ ಬರಿಯೂದಷ್ಟ ಕಲಿಸ್ಯಾಳ, ಅಳಸೂದು ಇನ್ನೂ ಕಲಿಸಿಲ್ಲ. ಛಲೋನ ಆತು ಬಿಡು.

ನೀ ನಿಮ್ಮಣ್ಣನ ಬಸುರಿ ಮಗಳ ಕುಬಸಕ್ಕಂತ ಶಲವಡಿಗೆ ತವರಮನಿಗಿ ಹೋಗೀದಿ. ನೀ ಇಲ್ಲದ ನಮ್ಮ ಮೊರಬದ ಮನಿ ಬಣಬಣ ಅಂತೈತಿ. ಬಸು ಹೊಲಕ್ಕ ಹೋಗ್ಯಾನ. ನಾ ಕಟ್ಟಿ ಮ್ಯಾಲ ಕುಂತು ಹೆಬ್ಬೆಟ್ಟಿಲೆ ಒಂದೊಂದ ಅಕ್ಷರ ಒತ್ತಾಕತ್ತೀನಿ. ಬೆರಳಿಗಿ ಸುಣ್ಣ, ಫೋನಿನ ಗ್ಲಾಸೆಲ್ಲ ಬೆಳ್ಳಗ. ‘ಆಯಿ, ಇಷ್ಟ್ಯಾಕ ತ್ರಾಸ ತೊಗೋತಿ, ಈ ಮೈಕ್ ಒತ್ತಿ ಮಾತಾಡು, ತಾನ ಬರಕೊಂತೈತಿ’ ಅಂದಿದ್ಲು ಪೂಜಾ. ಬಾಯಿಲೆ ಹೇಳೂ ಮಾತಾಗಿದ್ರ ಇಷ್ಟು ವರ್ಷ ಯಾಕ ಬೇಕಾಗಿತ್ತು? ನನ್ನ ಬಾಯಿ ನಿನಗ ಗೊತ್ತಿಲ್ಲೇನು — ಖರೇ ಮಾತಿಗಿ ತಗದ್ರ ಚ್ಯಾಷ್ಟಿ ಮಾಡಿ ಮುಚ್ಚಿಬಿಡತೈತಿ. ಬೆರಳಿಗಿ ಚ್ಯಾಷ್ಟಿ ಇನ್ನೂ ಬಂದಿಲ್ಲ.

ನನ್ನ ಚಂಚಿ ನೀ ದಿನಾ ನೋಡತಿ. ಕೆಂಪು ಖಣದ್ದು, ಅಂಚು ಹರದು ನೀನ ಎರಡು ಸಲ ಹೊಲದು ಕೊಟ್ಟೀದಿ. ಒಂದು ಖಾನ್ಯಾಗ ಎಲಿ, ಒಂದರಾಗ ಅಡಕಿ, ಒಂದರಾಗ ಸುಣ್ಣದ ಡಬ್ಬಿ, ಒಂದರಾಗ ಲವಂಗ. ಎಲ್ಲಾದ್ಕಿಂತ ಒಳಗ ಇನ್ನೊಂದು ಸಣ್ಣ ಖಾನಿ ಐತಿ, ಅದನ್ನ ನೀ ಹೊಲಿಯೂವಾಗ ಸೈತ ಬಿಚ್ಚಿಲ್ಲ — ‘ಅತ್ತಿಯವರ ಖಾಸಗಿ’ ಅಂತ ನಕ್ಕು ಬಿಟ್ಟಿದ್ದಿ. ಅದರಾಗ ಐತಿ ಗುಳಿಗಿ. ಪೂಜಾ ತೊಟ್ಲಾಗಿದ್ದಾಗ ಊರ ಸಾಲ್ಯಾಗ ಪುಕಶೆಟ್ಟಿ ತಪಾಸಣಿ ಮಾಡಾಕ ಬಂದಿದ್ರಲ್ಲ, ನೀ ಬಾಣಂತಿ ಅಂತ ಮನ್ಯಾಗಿದ್ದಿ, ನಾ ಮಜಾ ನೋಡಾಕ ಹೋಗಿದ್ದೆ. ಅಲ್ಲಿ ಹುಡುಗಿ ನನ್ನ ರಟ್ಟಿಗಿ ಪಟ್ಟಿ ಕಟ್ಟಿ ಗಾಳಿ ಊದಿದ್ಲು, ಮತ್ತೊಮ್ಮೆ ಊದಿದ್ಲು, ಮಾರಿ ಸಣ್ಣದು ಮಾಡಿಕೊಂಡು, ‘ಅಮ್ಮಾರ, ನಿಮಗ ಬಿಪಿ ಭಾಳ ಐತ್ರಿ, ದಿನಾ ಗುಳಿಗಿ ತೊಗೋಬೇಕು’ ಅಂದ್ಲು. ಮನಿಗಿ ಬಂದು ನಾ ಏನ ಹೇಳಿದೆ? ‘ನನ್ನ ನೋಡಿ ಆ ಮಶೀನ ಹೆದರತು’ ಅಂದೆ. ನೀವೆಲ್ಲಾ ನಕ್ಕಿರಿ.

ಅವತ್ತಿನಿಂದ ಗುಳಿಗಿ ತಂದು ಕೊಡಾಕಿ ಬಳಿಗಾರ ಮಾಬೂಬಿ. ಬಳಿ ತರಾಕ ನವಲಗುಂದಕ್ಕ ಹೋದಾಗ ನಂದೂ ತರತಾಳ. ಅಕಿ ಬುಟ್ಟಿ ಇಳಿಸಿ, ನಿನ್ನ ಕೈಗಿ ಹಸರ ಬಳಿ ಇಡೂವಾಗ, ಇನ್ನೊಂದು ಕೈಲೆ ಸೀರಿ ಸೆರಗಿನ ಕೆಳಗ ನನಗ ಗುಳಿಗಿ ದಾಟಿಸಿರತಾಳ. ಉಂಡ ಮ್ಯಾಲ ನಾ ಬಾಯಾಗ ಅಡಕಿ ಹಾಕೋತೀನಂತ ನೀವು ತಿಳಕೋತೀರಿ. ಅಡಕಿಗಿಂತ ಮದಲ ಗುಳಿಗಿ ಹೋಗಿರತೈತಿ. ಇದನ್ನ ಮಾಡಕೋಂತ, ಇದೇ ಕಟ್ಟಿ ಮ್ಯಾಲ ಕುಂತು ಓಣಿ ಮಂದಿ ಮುಂದ ಹೇಳತಿದ್ದೆ — ‘ಗುಳಿಗಿ ಬಣ್ಣ ಯಾವುದಂತ ಸೈತ ನನಗ ಗೊತ್ತಿಲ್ರೆವ್ವಾ.’ ಬಿಳೇದು, ನೀಲವ್ವ. ನಡುವ ಒಂದು ಗೆರಿ ಐತಿ.

ಯಾಕ ಮುಚ್ಚಿದೆ ಅಂದ್ರ... ಅದಕ್ಕ ನಮ್ಮವ್ವನ ಸುದ್ದಿ ಹೇಳಬೇಕು.

ನಮ್ಮ ತವರು ದುಮ್ಮವಾಡ ನಿನಗ ಗೊತ್ತು. ಭತ್ತದ ಗದ್ದಿ, ಕೆಂಪು ಮಣ್ಣು, ಕುಡಿಯೂ ನೀರು ಕಲ್ಲಸಕ್ರಿಯಂಗ. ನಮ್ಮವ್ವ ಎತ್ತರದಾಕಿ. ಭತ್ತ ಕುಟ್ಟೂವಾಗ ಅಕಿ ಹಾಡು ಮೂರು ಮನಿ ಆಚಿ ಕೇಳಿಸತಿತ್ತು. ನಾ ಸೀರಿ ಉಡೂವಷ್ಟು ದೊಡ್ಡಾಕಿ ಆಗಿದ್ದೆ, ಒಂದಿನ ಮುಂಜಾನಿ ಅಕಿ ಕುಟ್ಟಕೋಂತ ಕುಟ್ಟಕೋಂತ ಹಾಡು ತೊದಲಿತು. ಒನಕಿ ಕೈಯಿಂದ ಜಾರಿತು. ಮಾರಿ ಒಂದ ಕಡಿ ಸೊಟ್ಟ ಆತು, ಬಲಗೈ ಜೋತು ಬಿತ್ತು. ಆವಾಗ ಬಿಪಿ ಅಂತ ಯಾರಿಗಿ ಗೊತ್ತಿತ್ತು! ಲಕ್ವಾ ಅಂದ್ರು. ಪಾರಿವಾಳ ಕೊಯ್ದು ಬಿಸಿ ರಕ್ತ ಹಚ್ಚಿ ತಿಕ್ಕಿದ್ರು. ಆಮ್ಯಾಲ ಅಕಿ ಎಡಗೈಲೆ ಎಲಿ ಮಡಚೂದು ಕಲತ್ಲು, ಛಲೋ ಇದ್ದ ಒಂದ ದವಡ್ಯಾಗ ಅಗಿತಿದ್ಲು. ಈ ಚಂಚಿ ಅಕೀದು. ನಾ ಅಕಿ ಮುಂದ ಕುಂತು ಅಡಕಿ ಕತ್ತರಿಸಿ ಕೊಡತಿದ್ದೆ, ಅಕಿ ಅರ್ಧ ಬಾಯಿಲೆ ನಗತಿದ್ಲು. ಆ ಅರ್ಧ ನಗಿ... ಈಗೂ ಎಲಿಗಿ ಸುಣ್ಣ ಹಚ್ಚೂವಾಗ ಕಣ್ಣ ಮುಂದ ಬರತೈತಿ.

ಮೊರಬದವರು ನನ್ನ ನೋಡಾಕ ಬರತಾರ ಅಂದಾಗ ನಮ್ಮ ಕಾಕಾ ಅಂದ — ‘ಅತ್ತಿಗೀನ ಅವತ್ತು ಹಿತ್ತಲ ಕೋಣ್ಯಾಗ ಕುಂಡರಸ್ರಿ. ರೋಗದ ಮನಿ ಅಂದ್ರ ಹುಡುಗೀನ ಯಾರು ಮಾಡಕೋತಾರ? ಕೇಳಿದ್ರ, ಗ್ರಹಣದಾಗ ಹೊರಗ ಹೋಗಿದ್ಲು, ಗಾಳಿ ಬಡದೈತಿ ಅಂತ ಹೇಳೂಣು.’ ಕೋಣಿ ಬಾಗಲಾ ಹಾಕಿದಾಕಿ ನಾನ. ಯಾರೂ ಹಾಕು ಅನ್ನಲಿಲ್ಲ. ನಾನ ಎದ್ದು ಹೋಗಿ ಹಾಕಿದೆ. ಅವ್ವ ಒಳಗಿಂದ ಅರ್ಧ ಬಾಯಿಲೆ, ‘ಛಲೋ ಮಾಡಿದಿ ಮಗಳ’ ಅಂದ್ಲು. ನನ್ನ ಅತ್ತಿ, ಅಂದ್ರ ನಿನ್ನ ಗಂಡನ ಅಜ್ಜಿ, ಚಾ ಕುಡಕೋಂತ ಕೇಳಿದ್ಲು, ‘ನಿಮ್ಮವ್ವಗ ಏನಾಗೇತಿ ತಂಗಿ?’ ನಾ ತಲಿ ತಗ್ಗಿಸಿ, ‘ಗಾಳಿ ಬಡದೈತ್ರಿ’ ಅಂದೆ. ಲಗ್ನ ಆತು. ಎರಡು ವರ್ಷದಾಗ ಅವ್ವ ಹೋದ್ಲು. ನಮ್ಮಣ್ಣನೂ ಹಂಗ, ಗದ್ದ್ಯಾಗ ತಲಿ ಹಿಡಕೊಂಡು ಬಿದ್ದಾಂವ ಏಳಲಿಲ್ಲ. ಅವನಿಗೂ ‘ಗಾಳಿ’ ಬಡದಿತ್ತು ಅಂತನ ಇಲ್ಲಿ ಹೇಳಿದೆ. ನನ್ನ ಗಂಡ, ನಿನ್ನ ಮಾವ, ಸಾಯೂತನಕ ಅದನ್ನ ಖರೇ ಅಂತ ನಂಬಿದ್ದ.

ಇಷ್ಟ ಆಗಿದ್ರ ಒಂದು ಮಾತು. ನಿನ್ನ ನೋಡಾಕ ನಾವು ಶಲವಡಿಗೆ ಬಂದಾಗ ನಾ ಮಾಡಿದ್ದೇನು, ನೆನಪೈತೇನು? ಶಿರಾ ತಿಂದು ಕೈ ಒರಸಿಕೊಂಡು ನಿಮ್ಮವ್ವನ್ನ ಕೇಳಿದೆ — ‘ನಿಮ್ಮ ಮನ್ಯಾಗ ಬ್ಯಾನಿ ಗೀನಿ ಏನರೆ ಐತೇನ್ರಿ?’ ನಿಮ್ಮವ್ವ ಮುಚ್ಚಲಿಲ್ಲ. ‘ನಮ್ಮ ಮಾವಗ ಸಕ್ರಿ ಬ್ಯಾನಿ ಐತ್ರಿ, ಇದ್ದದ್ದು ಹೇಳಬೇಕಲ್ರಿ’ ಅಂದ್ಲು. ಆ ಒಂದು ಖರೇ ಮಾತಿಗಿ ನಾ ಎಷ್ಟು ವರ್ಷ ನಿನ್ನ ಕಾಡಿಸಿದೆ! ನೀ ಹೋಳಿಗಿ ಮಾಡಿದ್ರ, ‘ಸಕ್ರಿ ಮನೀ ಮಗಳು, ಬೆಲ್ಲ ಕೈ ಹಿಡದ ಹಾಕವ್ವಾ’ ಅಂತಿದ್ದೆ. ನೀ ನಗತಿದ್ದಿ. ಆ ನಗಿ ನನಗ ಚ್ಯಾಷ್ಟಿ ಅನಸತಿತ್ತು. ನಿನಗ ಏನ ಅನಸತಿತ್ತೋ — ನಾ ಕೇಳಲಿಲ್ಲ.

ಆದ್ರ ನಿನ್ನ ಕೈ! ನಿನ್ನ ಕೈ ಊರಿಗಿ ಗೊತ್ತಾಗಿದ್ದು ಮೆಣಸಿನಕಾಯಿ ರಂಜಕದ ಸಲುವಾಗಿ. ಚಳಿ ಬಿದ್ದು ಹಸಿ ಕೆಂಪು ಮೆಣಸಿನಕಾಯಿ ಬಂತಂದ್ರ ಓಣಿ ಹೆಣಮಕ್ಕಳೆಲ್ಲ ನಮ್ಮ ಅಂಗಳದಾಗ. ತೊಟ್ಟು ಮುರಿಯಾವರು, ಬಳ್ಳೊಳ್ಳಿ ಸುಲಿಯಾವರು, ಒಳ್ಳಾಗ ಕುಟ್ಟಾವರು. ಮೂಗು ಕಣ್ಣು ಸೋರಕೋಂತ ಒಬ್ರಿಗೊಬ್ರು ಬೈಕೋಂತ ನಗತಿದ್ರು. ಎಲ್ಲಾ ಆದ ಮ್ಯಾಲ ಉಪ್ಪು ಹಾಕಾಕ ಮಾತ್ರ ನೀನ ಬೇಕು. ರುಚಿ ನೋಡತಿದ್ದಿಲ್ಲ, ಅಳತಿ ಮಾಡತಿದ್ದಿಲ್ಲ, ಬೊಗಸಿ ತುಂಬ ಹಿಡದು, ಕಣ್ಣು ಮುಚ್ಚಿ, ಬೆರಳ ಸಂದ್ಯಾಗಿಂದ ಬಿಡತಿದ್ದಿ. ನಿನ್ನ ಕೈ ಬಿದ್ದ ರಂಜಕ ಮುಂದಿನ ಚಳಿತನಕ ಕೆಡತಿದ್ದಿಲ್ಲ. ‘ನೀಲವ್ವ, ನಮ್ಮ ಮನಿಗೊಮ್ಮೆ ಬಂದು ಉಪ್ಪು ಹಾಕಿ ಹೋಗಬೇ’ ಅಂತ ಮನಿ ಮನಿಯಿಂದ ಕರಿ. ಹೊಸದಾಗಿ ಬಂದ ಸೊಸ್ತೇರಿಗಿ ನೀ ಹಾಕಿ ಕೊಟ್ಟ ಉಪ್ಪು ಅಂದ್ರ ಮರ್ಯಾದಿ. ನಾ ಕಟ್ಟಿ ಮ್ಯಾಲ ಕುಂತು, ಮ್ಯಾಲ ಮ್ಯಾಲ ಮುನಿಸು, ಒಳಗ ಒಳಗ... ಹೇಳಲೇನು? ಹೊಟ್ಟಿಕಿಚ್ಚು ಇತ್ತು. ಹೆಮ್ಮಿನೂ ಇತ್ತು. ಎರಡೂ ಇದ್ದವು.

ಆಮ್ಯಾಲ ಬಸುಗ ಬ್ಯಾನಿ ಆತು. ಟ್ರ್ಯಾಕ್ಟರಿನಿಂದ ಇಳಿಯಾಕ ಹೋದ್ರ ಕಾಲ ಬಲಾ ಇಲ್ಲ, ಮೀನಖಂಡ ಹಿಡಕೋತಾವ, ಎಷ್ಟು ನೀರು ಕುಡದ್ರೂ ನೀರಡಿಕಿ. ಬಿಪಿ ಅಂತೂ ಗುಳಿಗಿ ಮ್ಯಾಲ ಗುಳಿಗಿ ಕೊಟ್ರೂ ಇಳಿಯವಲ್ದು. ಹುಬ್ಬಳ್ಳಿ ದೊಡ್ಡ ದವಾಖಾನ್ಯಾಗ ಸ್ಕ್ಯಾನ್ ಮಾಡಿ ಹೇಳಿದ್ರು — ಮೂತ್ರಪಿಂಡದ ಮ್ಯಾಲ ಟೊಪಗಿ ಹಾಕಿದಂಗ ಒಂದು ಗ್ರಂಥಿ ಇರತೈತಿ, ಅದರಾಗ ಹುಣಸಿ ಬೀಜದಷ್ಟು ಗಂಟು ಬೆಳದೈತಿ, ಅದು ಬಿಪಿ ಏರಸತೈತಿ, ಮೈಯಾಗಿನ ಬಲಾ ಹೊರಗ ಹಾಕತೈತಿ ಅಂತ. ಆಪರೇಶನ್ ಆತು. ನೀ ಅಲ್ಲೇ ಬಾಗಲದಾಗ ನೆಲದ ಮ್ಯಾಲ ಕುಂತಿದ್ದಿ, ಒಂದು ಗುಟುಕು ಚಾ ಸೈತ ಒಲ್ಲೆ ಅಂದಿ. ಬಸು ಎದ್ದ, ಕಾಲಿಗಿ ಬಲಾ ಬಂತು, ಓಣ್ಯಾಗ ನಾ ಸಕ್ರಿ ಹಂಚಿದೆ. ಎಲ್ಲಾರೂ ತಿಳಕೊಂಡ್ರು, ಗಂಟು ಹೋತು, ಬಿಪಿನೂ ಹೋತು.

ಬಿಪಿ ಇಳದಿತ್ತು, ಹೋಗಿದ್ದಿಲ್ಲ. ತೋರಸಾಕ ಹೋದಾಗೆಲ್ಲ ಮ್ಯಾಲನ. ಆವಾಗ ಡಾಕ್ಟರು ನಮ್ಮನ್ನ ಮೂರೂ ಮಂದೀನ ಕುಂಡರಿಸಿ ಬಿಡಿಸಿ ಹೇಳಿದ್ರು — ‘ಗಂಟಿನ ಪಾಲಿನ ಬಿಪಿ ಹೋಗೇತ್ರಿ. ಕೆಲವೊಬ್ರಿಗಿ ಒಂದಿಷ್ಟು ಉಳಕೋತೈತಿ. ಭಾಳ ವರ್ಷ ಬಿಪಿ ಇದ್ದವರಿಗಿ ಉಳೀತೈತಿ, ಮನಿತನದಾಗ ಇದ್ದವರಿಗಿ ಉಳೀತೈತಿ. ಅದಕ್ಕ ಕೇಳಾಕತ್ತೀನಿ. ಆಪರೇಶನ್ ಮದಲ ಕೇಳಿದಾಗ ಯಾರಿಗೂ ಇಲ್ಲ ಅಂದಿದ್ರಿ. ಇನ್ನೊಮ್ಮೆ ನೆನಪು ಮಾಡಿಕೊಳ್ರಿ. ಅವ್ವ, ಅಪ್ಪ, ಅಜ್ಜ, ಅಜ್ಜಿ — ಯಾರಿಗರೆ ಬಿಪಿ, ಲಕ್ವಾ?’ ಹಂಗ ನನ್ನ ಕಡಿ ತಿರುಗಿ, ‘ಅಜ್ಜಿ, ನಿಮ್ಮ ಕೈ ಕೊಡ್ರಿ, ನೋಡೂಣು.’

ಚಂಚಿ ನನ್ನ ತೊಡಿ ಮ್ಯಾಲ ಇತ್ತು. ಗುಳಿಗಿ ಅದರಾಗ ಇತ್ತು.

ನಾ ಕೈ ಹಿಂದ ತಗೊಂಡು, ‘ಮಗನ್ನ ನೋಡ್ರಿ ಡಾಕ್ಟರ್ರ, ಮುದುಕಿ ಕೈ ಹಿಡದು ಏನ ಮಾಡತೀರಿ?’ ಅಂದೆ. ಅವರು ನಕ್ಕರು, ಬಸು ನಕ್ಕ, ನೀನೂ ನಕ್ಕಿ. ಆ ನಗಿಯಾಗ ದಾಟಿಬಿಟ್ಟಿದ್ರ ಸಾಕಿತ್ತು. ಅಷ್ಟಕ್ಕ ಬಿಡಲಿಲ್ಲ ನಾನು. ‘ನಮ್ಮ ಮನಿತನದಾಗ ಯಾರಿಗೂ ಇಲ್ರಿ’ ಅಂದೆ. ‘ನಮ್ಮ ಸೊಸಿ ಕೈ ಉಪ್ಪಿನ ಕೈರಿ. ಅದ ಇದಕ್ಕ ಕಾರಣ.’

ನಿನ್ನ ನಗಿ ಅಲ್ಲೇ ನಿಂತು ಹೋತು. ನೀ ನಿನ್ನ ಎರಡೂ ಕೈ ನೋಡಕೊಂಡಿ. ಮ್ಯಾಲ ಮಾಡಿ ನೋಡಿ, ಕೆಳಗ ಮಾಡಿ ನೋಡಿ... ಆಮ್ಯಾಲ ಸೆರಗಿನ ಒಳಗ ಇಟ್ಟಕೊಂಡಿ. ಡಾಕ್ಟರು ಅಂದ್ರು, ‘ಉಪ್ಪು ಕಡಿಮಿ ಮಾಡೂದು ಎಲ್ಲಾರಿಗೂ ಛಲೋನ್ರಿ. ಆದ್ರ ಎಲ್ಲಾ ಉಪ್ಪಿನ ಮ್ಯಾಲ ಹಾಕಬ್ಯಾಡ್ರಿ.’ ನೀ ಅದನ್ನ ಕೇಳಿಸಿಕೊಳ್ಳಲಿಲ್ಲ. ನಾ ಕೇಳಿಸಿಕೊಂಡೆ, ಕೇಳದಂಗ ಮಾಡಿದೆ.

ಮನಿತನದಾಗ ಇಲ್ಲ ಅಂದದ್ದಕ್ಕ ಡಾಕ್ಟರಿಗಿ ಸಂಶೇ ಬಂತು, ಇನ್ನೊಂದು ಬಾಜೂನೂ ಗಂಟು ಇರಬಹುದೇನೋ ಅಂತ. ಮತ್ತ ಸ್ಕ್ಯಾನ್, ಮತ್ತ ರಕ್ತ. ಏನೂ ಸಿಗಲಿಲ್ಲ. ಸಿಗಲಿಲ್ಲಂದ್ರೂ ಬಸುನ ಹೆದರಿಕಿ ಹೋಗಲಿಲ್ಲ. ಹೊಲದಾಗ ನಿಂತಾಂವ ಬಲಗಡಿ ಬಗಲು ಒತ್ತಿ ಒತ್ತಿ ನೋಡಕೋತಿದ್ದ. ನನ್ನ ಮಗ, ನನ್ನ ಸುಳ್ಳನ್ನ ತನ್ನ ಬಗಲಾಗ ಹುಡುಕತಿದ್ದ.

ಮತ್ತ ನೀನು... ಮನಿಗಿ ಬಂದಾಕೀನ ಉಪ್ಪಿನ ಭರಣಿ ಎತ್ತಿ ಅಟ್ಟದ ಮ್ಯಾಲ ಇಟ್ಟಿ. ಅದಕ್ಕ ಮದಲ ಅದರ ಮುಂದ ಕುಂತು ಅತ್ತಿ. ನಾ ಪಡಸಾಲ್ಯಾಗಿಂದ ನೋಡಿದೆ. ಬಸುಗ ಹೆಂಗೋ ಹಂಗ ನೀನೂ ಸಪ್ಪನ ಉಣ್ಣಾಕ ಹತ್ತಿದಿ. ‘ನಿನಗೇನಾಗೇತಿ, ನೀ ಯಾಕ ಸಪ್ಪನ ಉಣ್ಣತಿ?’ ಅಂತ ಬಸು ಕೇಳಿದ್ರ, ‘ನನ್ನ ನಾಲಿಗಿಗಿ ಬುದ್ಧಿ ಕಲಸಾಕತ್ತೀನ್ರಿ’ ಅಂದಿ. ಓಣ್ಯಾಗ ಸುದ್ದಿ ಹಬ್ಬಿಸಿದಾಕಿ ನಾನ — ‘ಉಪ್ಪು ಕೈ ತುಂಬ ಹಾಕತಿದ್ಲು ನಮ್ಮ ನೀಲಾ, ಅದಕ್ಕ ಬಸುಗ ಹಿಂಗಾತು’ ಅಂತ, ಅಡಕಿ ಅಗಕೋಂತ, ಅಗದಿ ಸಹಜ ಹೇಳಿದಂಗ. ಆ ಚಳಿಗಿ ಮೆಣಸಿನಕಾಯಿ ಬಂತು. ನೀ ಅಂಗಳಾ ಸಾರಿಸಿ ಒಳ್ಳು ತೊಳದು ಇಟ್ಟಿದ್ದಿ. ಯಾರೂ ಬರಲಿಲ್ಲ. ಎದರಿನ ಮನ್ಯಾಗ ಕುಟ್ಟೂ ಸಪ್ಪಳ ಕೇಳಾಕತ್ತಿತ್ತು, ನಿನ್ನ ಕರೀಲಿಲ್ಲ. ಸಂಜಿಮುಂದ ನೀ ಒಳ್ಳಿನ ಮ್ಯಾಲ ಒಂದು ಬುಟ್ಟಿ ಬೋರಲ ಹಾಕಿ ಒಳಗ ಹೋದಿ. ಆ ಬುಟ್ಟಿ ಇವತ್ತಿಗೂ ಅಲ್ಲೇ ಐತಿ, ನೀಲವ್ವ. ನಾ ಈಗ ಬರಕೋಂತ ಅದನ್ನ ನೋಡಾಕತ್ತೀನಿ.

ಮಾಬೂಬಿ ಎಷ್ಟು ಸಲ ಹೇಳಿದ್ಲು! ‘ಗಂಗವ್ವಾ, ಆ ಸೊಸಿ ಕೈ ನಾ ಹಿಡದು ಬಳಿ ಇಡತೀನಿ, ಒಣಗಿ ಕಟಗಿ ಆಗ್ಯಾವ ಕೈ. ಹೇಳಬೇ ಅಕಿಗಿ. ಅಲ್ಲಾನ ಮುಂದ ನನ್ನೂ ಸುಳ್ಳಿ ಮಾಡಬ್ಯಾಡ.’ ನಾ ಏನಂತಿದ್ದೆ? ‘ನೀ ಬಳಿ ಮಾರು, ಬುದ್ಧಿ ಮಾರಬ್ಯಾಡ.’ ಅಕಿ ಬುಟ್ಟಿ ಎತ್ತಕೊಂಡು ಹೋಗತಿದ್ಲು.

ನಮ್ಮ ಈ ಮೊರಬದ ಕಡಿ ಬಾಂವಿ ನೀರು ಸವಳು, ಉಪ್ಪುಪ್ಪು. ನಾ ಹೊಸದಾಗಿ ಬಂದಾಗ ಹಗ್ಗ ಹೊಲಸ ಐತಿ, ಕೊಡ ಹೊಲಸ ಐತಿ ಅಂತ ಅವನ್ನ ತಿಕ್ಕಿ ತಿಕ್ಕಿ ತೊಳೀತಿದ್ದೆ. ನನ್ನ ಅತ್ತಿ ನಗತಿದ್ಲು, ‘ಸವಳು ಬಾಂವ್ಯಾಗ ಐತಿ ಹುಚ್ಚಿ, ಕೊಡಾ ಏನ ಮಾಡೀತು?’ ಅಂತ. ನಾ ಬಾಂವಿ. ನೀ ಕೊಡ. ನನಗ ಗೊತ್ತಿದ್ದೂ ಇಷ್ಟು ವರ್ಷ ನಿನ್ನ ತಿಕ್ಕಿದೆ.

ಈಗ ಯಾಕ ಹೇಳಾಕತ್ತೀನಿ ಅಂದ್ರ... ನೀ ಶಲವಡಿಗೆ ಹೋಗೂ ಮುಂಜಾನಿ ಪೂಜಾನ ಫೋನ್ ಬಂತಲ್ಲ ಧಾರವಾಡದಿಂದ. ಭಾಳ ದಿವಸದಿಂದ ತಲಿ ನೋಯತಿತ್ತಂತ, ತೋರಿಸಿದ್ರ ಬಿಪಿ ಮ್ಯಾಲ ಐತಿ ಅಂದ್ರಂತ. ಇಷ್ಟು ಸಣ್ಣ ವಯಸ್ಸಿಗಿ ಯಾಕ, ಮನ್ಯಾಗ ಯಾರಿಗರೆ ಐತೇನು ಅಂತ ಕೇಳಿದ್ರಂತ. ಅಕಿ ಏನ ಹೇಳ್ಯಾಳ? ‘ನಮ್ಮಪ್ಪಗ ಗಂಟಿತ್ರಿ, ಅದನ್ನ ತಗದಾರ. ಮತ್ತ ಯಾರಿಗೂ ಇಲ್ರಿ.’ ನನ್ನ ಮಾತು, ನನ್ನ ಅಕ್ಷರ ಅಕ್ಷರ, ಮೊಮ್ಮಗಳ ಬಾಯಾಗ.

ಫೋನ್ ಇಟ್ಟು ನೀ ನನ್ನ ಕಡಿ ನೋಡಿದಿ. ಬೈಯಲಿಲ್ಲ. ನೀ ಬೈದಿದ್ರ ನನಗ ಸುಲಭ ಆಗತಿತ್ತು. ನಿನ್ನ ಕೈ ಮುಂದ ಚಾಚಿ, ಸಣ್ಣ ದನೀಲೆ ಕೇಳಿದಿ —

‘ಅತ್ತಿ, ನನ್ನ ಕೈಲೆ ಅಕಿಗೂ ಬಂತೇನ್ರಿ?’

ನಾ ಆವಾಗೂ ಹೇಳಲಿಲ್ಲ. ಬಸ್ ಬಂತು, ನೀ ಹತ್ತಿದಿ. ನಾ ಕಟ್ಟಿ ಮ್ಯಾಲ ಬಂದು ಕುಂತು ಚಂಚಿ ಬಿಚ್ಚಿದೆ, ಎಲಿ ತಗದೆ, ಸುಣ್ಣ ಹಚ್ಚಿದೆ, ಬಾಯಾಗ ಹಾಕಾಕ ಆಗಲಿಲ್ಲ.

ಇಲ್ಲ ನೀಲವ್ವ. ನಿನ್ನ ಕೈಲೆ ಬಂದಿಲ್ಲ. ದುಮ್ಮವಾಡದಾಗ ಬಾಗಲಾ ಹಾಕಿ ಮುಚ್ಚಿದ ಕೋಣಿಯಿಂದ ಬಂದೈತಿ. ನಮ್ಮವ್ವನಿಂದ ನನಗ, ನನ್ನಿಂದ ಬಸುಗ, ಬಸುನಿಂದ ಪೂಜಾಗ. ಅವ್ವಂದು ಏನೂ ತಪ್ಪಿಲ್ಲ ಅದರಾಗ. ರಕ್ತದಾಗ ಬರೂದು ಬರತೈತಿ. ಮುಚ್ಚಿದ್ದು ಮಾತ್ರ ನಂದು. ನಿನ್ನ ಮ್ಯಾಲ ಹಾಕಿದ್ದೂ ನಂದ.

ಸಣ್ಣಾಕಿದ್ದೆ, ಹೆದರಿದ್ದೆ, ಕಾಲ ಹಂಗಿತ್ತು ಅಂತೆಲ್ಲ ಬರಿಯಬೇಕು ಅನಸತೈತಿ. ಬರಿಯಂಗಿಲ್ಲ. ದುಮ್ಮವಾಡದಾಗ ಸಣ್ಣಾಕಿದ್ದೆ, ಖರೇ. ಹುಬ್ಬಳ್ಯಾಗ ಡಾಕ್ಟರ ಮುಂದ ಕುಂತಾಗ ಸಣ್ಣಾಕಿ ಇದ್ದಿಲ್ಲ. ಮನ್ನಿಸು ಅಂತನೂ ಕೇಳಂಗಿಲ್ಲ. ನೀ ಭಾಳ ಒಳ್ಳೇಕಿ, ಕೇಳಿದ್ರ ಕೊಟ್ಟುಬಿಡತಿ, ಅದನ್ನೂ ನಾ ಪುಕಶೆಟ್ಟಿ ತೊಗೊಂಡಂಗ ಆಕ್ಕೈತಿ.

ನೀ ಬಂದ ಮರುದಿನ ನಾವಿಬ್ರೂ ಧಾರವಾಡಕ್ಕ ಪೂಜಾನ ಹತ್ತಿರ ಹೋಗೂಣು. ಅಕಿ ಡಾಕ್ಟರ ಮುಂದ ನಾನ ಕುಂತು ನಮ್ಮವ್ವಂದು, ನಮ್ಮಣ್ಣಂದು, ನಂದು ಎಲ್ಲಾ ಹೇಳತೀನಿ. ಕೇಳೂಕಿಂತ ಮದಲ ಕೈ ಚಾಚತೀನಿ. ಚ್ಯಾಷ್ಟಿ ಮಾಡಂಗಿಲ್ಲ. ಬಸುಗ ಇವತ್ತ ಸಂಜಿಗಿ ಹೇಳತೀನಿ, ಅಂವ ಬಗಲು ಒತ್ತಿಕೊಳ್ಳೂದು ಬಿಡಲಿ. ಮತ್ತ ಓಣಿ — ಅಲ್ಲಿ ಸುಳ್ಳು ಹಂಚಿದಾಕಿ ನಾನು, ಸಕ್ರಿ ಹಂಚಿದಂಗ. ಹಂಚಿದ ಮನಿ ಮನಿಗೂ ನಾನ ಹೋಗಿ ವಾಪಸ್ ತೊಗೊಂಡು ಬರಬೇಕು. ಮೊಳಕಾಲು ನೋಯತಾವ. ನೋಯಲಿ. ಎದರಿನ ಮನಿಯಿಂದ ಸುರು ಮಾಡತೀನಿ. ಮಾಬೂಬಿ ಜೋಡಿ ಬರತೀನಂದಾಳ. ನಾ ಎಲ್ಲಿ ಮಾತು ತಿರುವತೀನೋ ಅಂತ ಅಕಿಗಿ ನನ್ನ ಮ್ಯಾಲ ನಂಬಿಕಿಲ್ಲ.

ಒಳ್ಳಿನ ಮ್ಯಾಲಿನ ಬುಟ್ಟಿ ನಾ ತಗಿಯಂಗಿಲ್ಲ. ಬೋರಲ ಹಾಕಿದಾಕಿ ನೀನು, ತಗದ್ರ ನೀನ ತಗಿ. ತಗೀದಿದ್ರ ನಾ ಏನೂ ಅನ್ನಂಗಿಲ್ಲ.

ನೀ ಬಂದ ದಿನ ನಾನ ತಾಟು ಹಾಕತೀನಿ. ನೀ ಮದಲ ತಾಟಿನ ಅಂಚಿಗಿ ಚಿಟಿಕಿ ಉಪ್ಪು ಬಡಿಸತಿದ್ದಿ, ನೆನಪೈತೆಲ್ಲ — ದವಾಖಾನಿಯಿಂದ ಬಂದ ಮ್ಯಾಲ ಬಡಿಸೂದು ಬಿಟ್ಟಿ, ನಮ್ಮ ತಾಟಿನ ಆ ಜಾಗ ಅವತ್ತಿನಿಂದ ಖಾಲಿ. ನನ್ನ ತಾಟಿನ ಆ ಜಾಗದಾಗ, ಎಲ್ಲಾರಿಗೂ ಕಾಣೂಹಂಗ, ನನ್ನ ಗುಳಿಗಿ ಇಡತೀನಿ. ನೀ ನೋಡತಿರಬೇಕು, ನಾ ನುಂಗಬೇಕು.